ನಾಣ್ಯ ಉಗುಳುವ ಡಬ್ಬಿ

ಬೆಳಿಗ್ಗೆ ನಮ್ಮ ಬೀದಿಯ ಶುದ್ಧ ನೀರಿನ ಘಟಕದಲ್ಲಿ ಮೂರು ಸಲ ಐದು ರೂಪಾಯಿ ಹಾಕಿದೆ. ಮೂರು ಸಲವೂ ಡಬ್ಬಿ ಉಗುಳಿತು. ಹಿಂದೆ ಕ್ಯಾನ್ ಹಿಡಿದವರ ಸಾಲು ಬೇರೆ!

ಪಾಪ, ಡಬ್ಬಿಯನ್ನೇ ಬೈದು ಏನು ಮಾಡೋದು. ನಾಣ್ಯ ಜಾರುವಾಗ ಅದು ಲೋಹ, ಅಗಲ, ದಪ್ಪ ನೋಡುತ್ತದೆ. ನಮ್ಮ ಐದು ರೂಪಾಯಿ ಒಂದೇ ತರ ಇದೆಯಾ? ಹಳೆಯ ದಪ್ಪದ್ದು 9 ಗ್ರಾಂ, 23 ಮಿಲಿಮೀಟರ್. 2007ರಲ್ಲಿ ಸ್ಟೀಲ್ ಬಂತು, ಆಮೇಲೆ ಹಿತ್ತಾಳೆ ಬಣ್ಣದ್ದು. 2019ರ ಸರಣಿಯದ್ದು 25 ಮಿಲಿಮೀಟರ್. ಹೊರದೇಶದಿಂದ ಬಂದ ಯಂತ್ರಕ್ಕೆ ಈ ಸಂಸಾರವೆಲ್ಲ ಹೇಗೆ ಗೊತ್ತಾಗಬೇಕು?

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ ಇದಕ್ಕಿಂತ ನಾಜೂಕಾದ ಬಿಡಿಭಾಗ ಮಾಡುತ್ತಾರೆ. ನಮ್ಮ ನಾಣ್ಯಕ್ಕೆ ನಮ್ಮದೇ ಡಬ್ಬಿ ಮಾಡಬಹುದು, ಅಲ್ವಾ? ಯುಪಿಐ ಇದೆಯಲ್ಲ ಅಂತೀರಿ. ನನ್ನ ಹಿಂದಿದ್ದ ಅಜ್ಜಿ ಸೆರಗಿನ ಗಂಟಿನಿಂದ ತೆಗೆದಿದ್ದು ನಾಣ್ಯವನ್ನೇ. ಅವರದ್ದನ್ನು ಮಾತ್ರ ಡಬ್ಬಿ ಸುಮ್ನೆ ನುಂಗಿತು!