ಪೆಟ್ರೋಲ್ ಮುಳ್ಳು ಮತ್ತು ಕೆಂಪು ಧೂಳು

ನಮ್ಮ ನಿಗೂಢ ಕಥೆಯ ಚಿತ್ರದ ಮೊದಲ ಎಡಿಟ್ ಮುಗಿದ ವಾರ, ಕಲಬುರಗಿಯ ಪರಿಚಯದವರೊಬ್ಬರ ಮನೆಯಲ್ಲಿ ಅದನ್ನು ಹದಿನೈದು ಜನರಿಗೆ ತೋರಿಸಿದೆವು. ಚಿತ್ರ ಮುಗಿದ ಮೇಲೆ, ಗ್ಯಾರೇಜ್ ನಡೆಸುವ ಹಿರಿಯರೊಬ್ಬರು ನನ್ನನ್ನು ಕರೆದು ಕೇಳಿದರು: “ಕಲಬುರಗಿ ಬಿಟ್ಟಾಗ ಪೆಟ್ರೋಲ್ ಮುಳ್ಳು ಅರ್ಧಕ್ಕಿತ್ತು. ಬೀದರ್ ಮುಟ್ಟಿದಾಗೂ ಅರ್ಧಕ್ಕೇ ಅದ. ನಡುವ ಎಣ್ಣಿ ಹಾಕ್ಸಿದವರು ಯಾರವ್ವಾ? ಆ ಅಪರಾಧಿನೇ ಏನರ ಮಾಡ್ಯಾನೇನು?”

ಕಲಬುರಗಿಯಿಂದ ಬೀದರ್‌ಗೆ ಸುಮಾರು 110 ಕಿಲೋಮೀಟರ್. ನಮ್ಮ ಕಥೆಯಲ್ಲಿ ಓಡುವ ಹಳೆಯ ಮಾರುತಿ 800ರ ಟ್ಯಾಂಕ್ 28 ಲೀಟರಿನದು. ಅಷ್ಟು ದೂರ ಹೋದರೆ ಹೆಚ್ಚುಕಡಿಮೆ ಕಾಲು ಟ್ಯಾಂಕ್ ಇಳಿಯಲೇಬೇಕು. ಆ ಚಿತ್ರಕ್ಕೆ ಕಂಟಿನ್ಯೂಟಿ, ಅಂದರೆ ಒಂದು ಶಾಟ್‌ಗೂ ಇನ್ನೊಂದಕ್ಕೂ ಹೊಂದಿಕೆ ತಪ್ಪದಂತೆ ಇಡುವ ಟಿಪ್ಪಣಿ, ಬರೆದ ಸಹಾಯಕ ನಿರ್ದೇಶಕಿ ನಾನು. ನಟರ ಅಂಗಿಯ ಗುಂಡಿ, ಕೈಗಡಿಯಾರದ ಸಮಯ, ಚಹಾ ಲೋಟದಲ್ಲಿ ಉಳಿದ ಚಹಾ, ಎಲ್ಲವನ್ನೂ ಬರೆದಿಟ್ಟಿದ್ದೆ. ಮುಳ್ಳನ್ನು ಬರೆದಿರಲಿಲ್ಲ.

ಬೇರೆ ಬಗೆಯ ಚಿತ್ರದಲ್ಲಿ ಇಂಥ ತಪ್ಪನ್ನು ಯಾರೂ ಗಮನಿಸುವುದಿಲ್ಲ, ಗಮನಿಸಿದರೂ ಮರೆಯುತ್ತಾರೆ. ನಿಗೂಢ ಕಥೆಯ ಚಿತ್ರದಲ್ಲಿ ಹಾಗಾಗುವುದಿಲ್ಲ. ಅಣ್ಣ ಕಾರಿನಲ್ಲಿ ಹೊರಟು ಕಾಣೆಯಾಗಿದ್ದಾನೆ, ಕಾರು ಮಾತ್ರ ಸಿಕ್ಕಿದೆ, ತಂಗಿ ಅದೇ ಕಾರಿನಲ್ಲಿ ಅವನು ಹೋದ ದಾರಿ ಹಿಡಿದಿದ್ದಾಳೆ ಎಂದು ಹೇಳಿದ ಕ್ಷಣದಿಂದ ನೋಡುಗರು ತೆರೆಯ ಮೇಲಿನ ಪ್ರತಿಯೊಂದು ವಸ್ತುವನ್ನೂ ಸುಳಿವೆಂದೇ ನೋಡುತ್ತಾರೆ. ನಾವು ಮೈಮರೆತು ಬಿಟ್ಟ ತಪ್ಪಿಗೂ, ಬೇಕೆಂದೇ ಇಟ್ಟ ಸುಳಿವಿಗೂ ಅವರ ಕಣ್ಣಿಗೆ ವ್ಯತ್ಯಾಸವಿಲ್ಲ. ಆ ಹಿರಿಯರು ನನ್ನ ತಪ್ಪನ್ನು ಹಿಡಿಯಲು ಹೊರಟಿರಲಿಲ್ಲ. ಅಪರಾಧಿಯನ್ನು ಹಿಡಿಯಲು ಹೊರಟಿದ್ದರು.

ಹಣ ಕಡಿಮೆ ಇದ್ದಾಗ ಈ ಅಪಾಯ ಇನ್ನೂ ಹೆಚ್ಚು. ಕಥೆ ಸಾಗಿದ ಕ್ರಮದಲ್ಲಿ ಚಿತ್ರೀಕರಿಸುವ ಅನುಕೂಲ ನಮಗಿರಲಿಲ್ಲ. ಒಂದು ಊರಿಗೆ ಹೋದರೆ ಆ ಊರಿನ ದೃಶ್ಯಗಳೆಲ್ಲ, ಮೊದಲಿನದಾಗಲಿ ಕೊನೆಯದಾಗಲಿ, ಅಂದೇ ಮುಗಿಯಬೇಕು. ಬೀದರ್‌ನ ಕೊನೆಯ ದೃಶ್ಯವನ್ನು ಮೂರನೆಯ ದಿನವೂ, ಕಲಬುರಗಿಯಿಂದ ಹೊರಡುವ ದೃಶ್ಯವನ್ನು ಒಂಬತ್ತನೆಯ ದಿನವೂ ತೆಗೆದಿದ್ದೇವೆ. ಮುಳ್ಳು ತಪ್ಪಿದ್ದು ಅಲ್ಲಿಯೇ.

ಕಥೆಯ ಮುಖ್ಯ ಸುಳಿವು ಧೂಳಿನ ಬಣ್ಣದಲ್ಲಿತ್ತು. ಕಲಬುರಗಿ ಸುತ್ತಿನದು ಎರೆಭೂಮಿ, ಅಲ್ಲಿಯ ಧೂಳು ಬೂದುಗಪ್ಪು. ಹುಮನಾಬಾದ್ ದಾಟಿ ಬೀದರ್ ಸಮೀಪಿಸಿದಂತೆ ಜಂಬಿಟ್ಟಿಗೆಯ ಕೆಂಪು ನೆಲ ಬರುತ್ತದೆ. ಅಣ್ಣ ಆ ಕಡೆಗೆ ಹೋಗಿಯೇ ಇಲ್ಲವೆಂದು ಎಲ್ಲರೂ ಹೇಳುತ್ತಿರುವಾಗ, ಕಾರಿನ ಮಡ್‌ಗಾರ್ಡಿನ ಒಳಗೆ ಒಣಗಿದ ಕೆಮ್ಮಣ್ಣು ತಂಗಿಯ ಬೆರಳಿಗೆ ಹತ್ತುತ್ತದೆ. ಆದ್ದರಿಂದ ಎರಡು ದಿನ ಕಾರನ್ನು ಕೆಮ್ಮಣ್ಣಿನ ಬಂಡಿದಾರಿಗಳಲ್ಲಿ ಓಡಿಸಿ, ಒರೆಸದೆ ಕಾಪಾಡಿಕೊಂಡಿದ್ದೆವು. ಹುಮನಾಬಾದ್ ಬಳಿಯ ಧಾಬಾದಲ್ಲಿ ನಾವು ಊಟ ಮುಗಿಸಿ ಹೊರಗೆ ಬಂದರೆ ಕಾರು ಫಳಫಳ ಹೊಳೆಯುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ಹುಡುಗ ಬಕೆಟ್ ಹಿಡಿದು ನಿಂತಿದ್ದ. “ಗಾಡಿ ಭಾಳ ಹೊಲಸಾಗಿತ್ರೀ ಅಕ್ಕಾರ, ತೊಳದೀನ್ರೀ” ಎಂದ. ಅಷ್ಟು ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಬೇಸರದ ಒಂದು ಮಾತೂ ಬರಬಾರದೆಂದು ಅವನ ಕೈಗೆ ಹಣ ಕೊಟ್ಟು ಹೊರಟೆವು.

ಆ ಸಂಜೆ ಕೆಮ್ಮಣ್ಣನ್ನು ಓಢಣಿಯಲ್ಲಿ ಎರಡು ಸಲ ಸೋಸಿದೆ. ಕಾರಿನ ಮೇಲೆ ಸ್ಪ್ರೇ ಬಾಟಲಿಯಿಂದ ಇಬ್ಬನಿಯಷ್ಟು ನೀರು ಚಿಮುಕಿಸಿ, ಅದು ಆರುವ ಮೊದಲೇ ಅಂಗೈಯಲ್ಲಿ ಮಣ್ಣಿಟ್ಟು ಊದಬೇಕು. ಕೈಯಿಂದ ಎರಚಿದರೆ ಹೋಳಿಯ ಬಣ್ಣದಂತೆ ಕಾಣುತ್ತದೆ. ಚಕ್ರದ ಹಿಂದೆ ದಟ್ಟವಾಗಿಯೂ ಬಾಗಿಲ ಮೇಲ್ಭಾಗದಲ್ಲಿ ತೆಳುವಾಗಿಯೂ ಕೂರಬೇಕು, ವೈಪರ್ ಓಡಿದ ಕಮಾನು ಸ್ವಚ್ಛವಾಗಿರಬೇಕು. ಹಿಂದಿನ ದಿನ ಕಾರಿನ ನಾಲ್ಕೂ ಬದಿಯ ಫೋಟೋ ತೆಗೆದಿದ್ದೆನಾದ್ದರಿಂದ ಅವನ್ನು ನೋಡಿಕೊಂಡೇ ಧೂಳು ಕೂರಿಸಿದೆ. ಫೋಟೋ ಇಲ್ಲದಿದ್ದರೆ ಆ ಎರಡು ದಿನಗಳ ಕೆಲಸವನ್ನು ಮತ್ತೆ ಮಾಡಬೇಕಾಗುತ್ತಿತ್ತು, ಅದಕ್ಕೆ ನಮ್ಮಲ್ಲಿ ಹಣವಿರಲಿಲ್ಲ.

ಬೆಳಕಿನ ವಿಷಯದಲ್ಲಿ ಕ್ಯಾಮೆರಾಮನ್ ಹೇಳಿಕೊಟ್ಟದ್ದು ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಬೀದರ್ ರಸ್ತೆ ಹೆಚ್ಚುಕಡಿಮೆ ಈಶಾನ್ಯಕ್ಕೆ ಹೋಗುತ್ತದೆ. ಬೆಳಗಿನ ಬಿಸಿಲು ಬಲಗಡೆಯಿಂದ, ಅಂದರೆ ಚಾಲಕಿಯ ಕಿಟಕಿಯಿಂದ ಬೀಳುತ್ತದೆ. ಬೆಳಗಿನ ದೃಶ್ಯವನ್ನು ಸಂಜೆ ತೆಗೆಯಬೇಕಾಗಿ ಬಂದಾಗ ಕಾರನ್ನು ತಿರುಗಿಸಿ ಕಲಬುರಗಿಯ ಕಡೆಗೆ ಓಡಿಸಿದೆವು. ಪಡುವಣದ ಸೂರ್ಯ ಅದೇ ಬಲಗಿಟಕಿಯಿಂದ ಮುಖಕ್ಕೆ ಬಿದ್ದ. ಮೂರನೆಯ ಟೇಕ್‌ನಲ್ಲಿ ಮಾತ್ರ ನನ್ನ ಎದೆ ಧಸಕ್ಕೆಂದಿತು: ಕಾರು ಬೀದರ್‌ಗೆ ಹೋಗುತ್ತಿರಬೇಕಾದಾಗ, ಹಳದಿ ತಲೆಯ ರಾಷ್ಟ್ರೀಯ ಹೆದ್ದಾರಿ ಮೈಲಿಗಲ್ಲು ‘ಕಲಬುರಗಿ’ ಎಂದು ಎದುರಿಗೇ ಹೇಳುತ್ತಿತ್ತು. ಅಲ್ಲಿಂದ ಮುಂದೆ ಎರಡು ಕಲ್ಲುಗಳ ನಡುವೆ ಮುಗಿಯುವಷ್ಟೇ ಉದ್ದದ ಟೇಕ್‌ಗಳನ್ನು ತೆಗೆದೆವು.

ತೊಗರಿಯ ಪ್ರಸಂಗವನ್ನೂ ಹೇಳಬೇಕು, ನಮ್ಮ ಭಾಗದಲ್ಲಿ ಚಿತ್ರ ತೆಗೆಯುವ ಗೆಳೆಯರಿಗೆ ಅದು ಬೇಕಾಗುತ್ತದೆ. ಡಿಸೆಂಬರ್ ಮೊದಲ ವಾರದಲ್ಲಿ ಕಾರು ನಿಲ್ಲುವ ದೃಶ್ಯದ ಅರ್ಧ ಭಾಗವನ್ನು ಆಳೆತ್ತರದ ತೊಗರಿ ಹೊಲದ ಬದಿಯಲ್ಲಿ ತೆಗೆದಿದ್ದೆವು. ಹಣ ಕೂಡಿಸಿಕೊಂಡು ಜನವರಿ ಕೊನೆಗೆ ಮರಳಿ ಹೋದಾಗ ಹೊಲ ಕೊಯ್ದು ಬಯಲಾಗಿತ್ತು. ಹೊಲದ ಯಜಮಾನರು ಒಲೆಗೆಂದು ಕಟ್ಟಿಟ್ಟಿದ್ದ ತೊಗರಿ ಕಟ್ಟಿಗೆಯ ಹೊರೆಗಳನ್ನು ತಾವೇ ತಂದುಕೊಟ್ಟರು. ಅವನ್ನು ಕಿಟಕಿಯ ಆಚೆ ಸಾಲಾಗಿ ನೆಟ್ಟು, ಉದ್ದ ಲೆನ್ಸಿನಲ್ಲಿ ಹಿನ್ನೆಲೆಯನ್ನು ಮಸುಕಾಗಿಸಿ, ತಂಗಿಯ ಮುಖವನ್ನಷ್ಟೇ ಹತ್ತಿರದಿಂದ ತೆಗೆದೆವು. ಕಾರು ನಿಂತದ್ದನ್ನು ದೂರದಿಂದ ತೋರಿಸುವ ಶಾಟ್ ಅನ್ನು ಕೈಬಿಡಬೇಕಾಯಿತು. ಅದರ ಕೊರತೆ ನನಗೆ ಈಗಲೂ ಕಾಣುತ್ತದೆ. ಹೊಲದ ದೃಶ್ಯವಿದ್ದರೆ ಎರಡೂ ಭಾಗಗಳನ್ನು ಒಂದೇ ವಾರದಲ್ಲಿ ಮುಗಿಸುವುದಕ್ಕಾಗಿ ಬೇರೆ ಏನನ್ನಾದರೂ ಮುಂದೂಡಿ.

ಈಗ ನನ್ನ ಕಂಟಿನ್ಯೂಟಿ ಹಾಳೆಯ ಮೊದಲ ಅಂಕಣವೇ ಕಾರಿನದು: ಪೆಟ್ರೋಲ್ ಮುಳ್ಳು, ಓಡಿದ ಕಿಲೋಮೀಟರ್, ಧೂಳಿನ ಬಣ್ಣ, ಗಾಜು ಎಷ್ಟು ಇಳಿದಿದೆ ಎಂಬುದು. ನಟರ ಉಡುಪು ಅದರ ನಂತರ ಬರುತ್ತದೆ. ಕಥೆಯ ಕ್ರಮದಲ್ಲಿ ಪ್ರತಿ ದೃಶ್ಯಕ್ಕೂ ಮುಳ್ಳು ಎಲ್ಲಿರಬೇಕೆಂದು ಚಿತ್ರೀಕರಣಕ್ಕೆ ಮೊದಲೇ ಬರೆದುಕೊಂಡು, ಅಷ್ಟೇ ಪೆಟ್ರೋಲ್ ಹಾಕಿಸುತ್ತೇವೆ.

ಆ ಹಿರಿಯರ ಪ್ರಶ್ನೆ ಬಂದಾಗ ಕಾರು ಮಾರಾಟವಾಗಿಹೋಗಿತ್ತು, ಮುಳ್ಳನ್ನು ಮತ್ತೆ ತೆಗೆಯುವ ದಾರಿಯಿರಲಿಲ್ಲ. ಎಡಿಟಿಂಗ್‌ನಲ್ಲಿ ಹುಡುಕಿದಾಗ, ತಂಗಿ ನಮಗೆ ಬೆನ್ನು ಮಾಡಿ ಫೋನಿನಲ್ಲಿ ಮಾತನಾಡುವ ಎಂಟು ಸೆಕೆಂಡಿನ ಶಾಟ್ ಸಿಕ್ಕಿತು. ಅಲ್ಲಿ ತುಟಿ ಕಾಣುವುದಿಲ್ಲ. ನಮ್ಮ ಮನೆಯ ಒಳಕೋಣೆಯ ಗೋಡೆಗಳಿಗೆ ಅವ್ವ ಹೊಲಿದ ನಾಲ್ಕು ಕೌದಿಗಳನ್ನು ತೂಗುಹಾಕಿ, ಫ್ಯಾನ್ ನಿಲ್ಲಿಸಿ, ನಟಿಯಿಂದ ಒಂದೇ ಮಾತು ಹೇಳಿಸಿ ಧ್ವನಿಮುದ್ರಿಸಿದೆವು: “ಹುಮನಾಬಾದ್‌ನಾಗ ಎಣ್ಣಿ ಹಾಕ್ಸೀನಿ, ಮುಂದ ಹೊಂಟೀನಿ.”