ಒರತೆಯ ಹೊಳೆಗೆ ಎಷ್ಟು ನೀರು ಬಿಡಬೇಕು?

ನೆಲದಡಿಯ ಒರತೆಯನ್ನೇ ನೆಚ್ಚಿದ ಅರ್ಕಾವತಿಯಂಥ ನದಿ ಬದುಕಿರಲು ‘ವರ್ಷದ ಸರಾಸರಿ ಹರಿವಿನ ಶೇ. 10 ಬಿಟ್ಟರೆ ಸಾಕು’ ಅನ್ನುವವರಿಗೆ ಒಂದು ಮಾತು. ಮೀನು ತಜ್ಞ ಟೆನಂಟ್ 1976ರಲ್ಲಿ ಕೊಟ್ಟ ಲೆಕ್ಕದಲ್ಲಿ ಅದು ಜಲಚರಗಳು ಸ್ವಲ್ಪ ಕಾಲ ಜೀವ ಹಿಡಿದುಕೊಳ್ಳುವ ಮಟ್ಟ ಅಷ್ಟೇ. ಅದೂ ಅಮೆರಿಕದ ಹೊಳೆಗಳದ್ದು. ನಮ್ಮಲ್ಲಿ ಸರಾಸರಿಯನ್ನು ಎತ್ತರಿಸುವುದೇ ಮಳೆಗಾಲದ ಪ್ರವಾಹ. ಏಪ್ರಿಲ್ ಬಗ್ಗೆ ಅದೇನೂ ಹೇಳದು.

ಅಳೆಯಬೇಕಾದ್ದು ಬೇಸಿಗೆಯಲ್ಲಿ, ಕಲ್ಲುಗಳ ಮೇಲೆ ನೀರು ತೆಳ್ಳಗೆ ಹರಿಯುವ ಕಡೆ. ಅಡ್ಡಕ್ಕೆ ಟೇಪ್ ಕಟ್ಟಿ, ಸಮ ಅಂತರದಲ್ಲಿ ಆಳ ನೋಡಿ, ಮೇಲಿನಿಂದ ಆಳದ 0.6 ಭಾಗದಲ್ಲಿ ವೇಗ ಅಳೆಯಿರಿ; ಇವುಗಳಿಂದ ಹರಿವಿನ ಲೆಕ್ಕ ಸಿಗುತ್ತದೆ. ಬೇರೆ ಬೇರೆ ಹರಿವಿನಲ್ಲಿ ಇದನ್ನೇ ಮಾಡಿ, ನೆನೆದ ತಳದ ಅಗಲವನ್ನು ಹರಿವಿನ ಎದುರು ಗ್ರಾಫ್‌ನಲ್ಲಿ ಗುರುತಿಸಿದರೆ ರೇಖೆ ಒಂದು ಕಡೆ ಬಾಗುತ್ತದೆ. ಹೊಳೆಗೆ ಬಿಡಬೇಕಾದ ಕನಿಷ್ಠ ಹರಿವು ಅದೇ. ಅದಕ್ಕಿಂತ ಕೆಳಗಿಳಿದರೆ ಸ್ವಲ್ಪ ನೀರು ಕಡಿಮೆಯಾದರೂ ತಳ ಬೇಗ ಬಯಲಾಗುತ್ತದೆ. ಹುಳುಹುಪ್ಪಟೆ, ಮೀನುಮರಿಗಳಿಗೆ ಜಾಗವೇ ಇಲ್ಲ.

ಇಷ್ಟಾದರೂ ಕೆಡುವುದು ಒರತೆಗೆ ಬರಬೇಕಾದ ಅಂತರ್ಜಲವನ್ನು ಎಳೆಯುವ ಬೋರ್‌ವೆಲ್‌ನಿಂದ. ಹರಿವು ಕುಸಿದ ಮೇಲೆ ಪಂಪ್ ನಿಲ್ಲಿಸಿದರೆ ಫಲ ಕಾಣಲು ತಿಂಗಳುಗಳೇ ಬೇಕಾಗಬಹುದು. ಹಾಗಾಗಿ ಪಂಪ್ ಮೇಲಿನ ನಿರ್ಬಂಧವನ್ನು ಅಂತರ್ಜಲ ಮಟ್ಟಕ್ಕೆ ಕಟ್ಟಬೇಕು, ಹೊಳೆಯ ನೀರು ಅಳೆಯುವ ಗೇಜಿಗೆ ಮಾತ್ರ ಅಲ್ಲ.

ಬೆಂಗಳೂರಿನಿಂದ ಹರಿದು ಅರ್ಕಾವತಿ ಸೇರುವ ವೃಷಭಾವತಿಯಲ್ಲಿ ಬೇಸಿಗೆಯಲ್ಲೂ ನೀರಿದೆಯಲ್ಲ ಅನ್ನಬೇಡಿ. ಅದು ನಮ್ಮ ಮನೆಗಳ ಚರಂಡಿ ನೀರು. ಲೆಕ್ಕಕ್ಕೆ ಸೇರಿಸಿದರೆ ಒರತೆ ಬತ್ತಿದ್ದು ಯಾರಿಗೂ ಗೊತ್ತಾಗುವುದಿಲ್ಲ.