ಬಿರುಕು ಬಿಟ್ಟ ಕಿಟಕಿ ಗಾಜು: ಅಳತೆ ಹಿಡಿಯುವ ಮೊದಲು ನೋಡಬೇಕಾದದ್ದು

ಕಿಟಕಿಯ ಗಾಜು ಬಿರುಕು ಬಿಟ್ಟಿದೆ, ಅಳತೆ ಹೇಳುತ್ತೇವೆ, ಕತ್ತರಿಸಿ ಇಡಿ ಎಂದು ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಉಪ್ಪಳದ ಕಡೆಯಿಂದ ನಮ್ಮ ಅಂಗಡಿಗೆ ಆಗಾಗ ಫೋನ್ ಬರುತ್ತದೆ. ನಾನು ಫೋನಿನಲ್ಲಿ ಅಳತೆ ಬರೆದುಕೊಳ್ಳುವುದಿಲ್ಲ. ಒಡೆದ ಗಾಜು ಚೌಕಟ್ಟಿನಲ್ಲಿ ಇರುವಾಗಲೇ ಅದನ್ನು ನೋಡಬೇಕು, ಅದಾಗದಿದ್ದರೆ ಒಂದು ಫೋಟೊವಾದರೂ ಬೇಕು ಎಂದು ಕೇಳುತ್ತೇನೆ. ಒಡೆದ ಕಾರಣ ತಿಳಿಯದೆ ಹೊಸ ಗಾಜು ಕೂರಿಸಿದರೆ ಎಷ್ಟೋ ಮನೆಗಳಲ್ಲಿ ಅದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ ಎಂಬುದು ಈ ಕೆಲಸ ನನಗೆ ಕಲಿಸಿದ ಮುಖ್ಯ ಪಾಠ.

ಬಿರುಕು ಎಲ್ಲಿಂದ ಹೊರಟಿದೆ ಎಂಬುದನ್ನು ಮೊದಲು ಗಮನಿಸಬೇಕು. ಕಲ್ಲೋ ಚೆಂಡೋ ತೆಂಗಿನ ಮಡಲೋ ಬಡಿದಿದ್ದರೆ ಪೆಟ್ಟು ಬಿದ್ದ ಬಿಂದುವಿನಿಂದ ಸುತ್ತಲೂ ಗೆರೆಗಳು ಹರಡಿರುತ್ತವೆ. ಅಂಥಲ್ಲಿ ಗಾಜು ಬದಲಿಸಿದರೆ ಕೆಲಸ ಮುಗಿಯಿತು. ಬಿರುಕು ಅಂಚಿನಿಂದ ನೇರ ಲಂಬವಾಗಿ ಹೊರಟು ಆಮೇಲೆ ಬಳುಕಿಕೊಂಡು ಹೋಗಿದ್ದರೆ ಬಿಸಿಲನ್ನು ಸಂಶಯಿಸಬೇಕು. ಪಶ್ಚಿಮಕ್ಕೆ ಮುಖ ಮಾಡಿದ ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸಿದಾಗ ಗಾಜಿನ ನಡುಭಾಗ ಕಾದು ಹಿಗ್ಗುತ್ತದೆ, ಚೌಕಟ್ಟಿನೊಳಗೆ ಅಡಗಿದ ಅಂಚು ಮಾತ್ರ ತಣ್ಣಗೇ ಉಳಿಯುತ್ತದೆ, ಆ ಎಳೆತವನ್ನು ತಾಳಲಾರದೆ ಅಂಚು ಸೀಳುತ್ತದೆ. ಮೂಲೆಯಿಂದ ಓರೆಯಾಗಿ ಹೊರಟ ಬಿರುಕಾದರೆ ಹೆಚ್ಚಾಗಿ ಮರದ ಕಾಟ. ಜೂನ್ ತಿಂಗಳ ಮಳೆಗೆ ನಮ್ಮ ಊರಿನ ಕಿಟಕಿಬಾಗಿಲುಗಳು ಉಬ್ಬುತ್ತವೆ. ತೇಗ ಅಷ್ಟಾಗಿ ಅಲುಗದು, ಆದರೆ ಸರಿಯಾಗಿ ಒಣಗಿಸದ ಹಲಸಿನ ಬಾಗಿಲನ್ನು ಗುದ್ದಿ ಗುದ್ದಿ ಮುಚ್ಚುವಾಗ ಅದು ತಿರುಚಿ ಆ ಭಾರವೆಲ್ಲ ಗಾಜಿನ ಮೂಲೆಗೆ ಬೀಳುತ್ತದೆ. ಇಲ್ಲಿ ಗಾಜಿನವನಿಗಿಂತ ಮೊದಲು ಆಚಾರಿಯನ್ನು ಕರೆಸಿ ಬಾಗಿಲಿನ ಅಂಚು ಹೆರೆಸಬೇಕು ಎಂದು ನಾನು ಹೇಳುತ್ತೇನೆ, ಅದರಿಂದ ನನ್ನ ಕೆಲಸ ಒಂದು ವಾರ ಮುಂದೆ ಹೋದರೂ ಚಿಂತೆಯಿಲ್ಲ.

ಕಡಲಿಗೆ ಹತ್ತಿರದ ಮನೆಗಳಲ್ಲಿ ಇನ್ನೊಂದು ಕಾರಣವಿದೆ. ನಿವೃತ್ತ ಅಧ್ಯಾಪಕರೊಬ್ಬರ ಮನೆಯಲ್ಲಿ ಒಂದೇ ಕಿಟಕಿಯ ಗಾಜು, ಯಾರೂ ಮುಟ್ಟದೆ, ಮತ್ತೆ ಮತ್ತೆ ಕೆಳಗಿನ ಅಂಚಿನಿಂದಲೇ ಸೀಳುತ್ತಿತ್ತು. ಗಾಜಿನ ಗುಣಮಟ್ಟವೇ ಕೆಟ್ಟಿದೆ ಎಂಬುದು ಅವರ ನಂಬಿಕೆಯಾಗಿತ್ತು. ಗಾಜನ್ನು ಹಿಡಿದಿಡುವ ಕೆಳಗಿನ ಬೀಡಿಂಗ್ ಪಟ್ಟಿಯನ್ನು ಉಳಿಯಿಂದ ಎಬ್ಬಿಸಿ ನೋಡಿದಾಗ, ಗಾಜು ಕೂರುವ ಕಚ್ಚಿನಲ್ಲಿ ಹಳೆಯ ಮೊಳೆಯೊಂದರ ತುಂಡು ಉಪ್ಪುಗಾಳಿಗೆ ತುಕ್ಕು ಹಿಡಿದು ಪದರ ಪದರವಾಗಿ ಉಬ್ಬಿಕೊಂಡು, ಗಾಜಿನ ಅಂಚಿಗೆ ಒತ್ತಿ ನಿಂತಿತ್ತು. ಅಲ್ಲಿಯೇ ಗಾಜಿನಲ್ಲಿ ಉಗುರಿನ ತುದಿಯಷ್ಟು ಚಕ್ಕೆ ಎದ್ದಿತ್ತು. “ಮಾಷ್ಟ್ರೇ, ಗಾಜಿನ ತಪ್ಪಲ್ಲ, ಇಲ್ಲಿ ಮುಟ್ಟಿ ನೋಡಿ” ಎಂದೆ. ಅವರು ಬೆರಳಾಡಿಸಿ, “ಇದನ್ನು ಈ ತನಕ ಯಾರೂ ತೋರಿಸಲಿಲ್ಲವಲ್ಲ” ಎಂದರು. ಆ ತುಂಡನ್ನು ಕಿತ್ತು, ಕಚ್ಚನ್ನು ಕೆರೆದು ಬಣ್ಣ ಬಳಿದು, ಗಾಜಿನ ಕೆಳಗೆ ಎರಡು ಸಣ್ಣ ರಬ್ಬರ್ ತುಂಡು ಇಟ್ಟು, ಬೀಡಿಂಗಿಗೆ ಕಬ್ಬಿಣದ ಮೊಳೆಯ ಬದಲು ಸ್ಟೀಲ್ ಸ್ಕ್ರೂ ಹಾಕಿದೆ. ಆಮೇಲೆ ಆ ಕಿಟಕಿಯ ದೂರು ಬಂದಿಲ್ಲ.

ಕಾರಣ ತಿಳಿದ ಮೇಲೆ ಅಳತೆ ಕಷ್ಟವಲ್ಲ. ಹಳೆಯ ಚೌಕಟ್ಟು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಅಗಲವನ್ನೂ ಎತ್ತರವನ್ನೂ ಮೂರು ಮೂರು ಕಡೆ ಅಳೆದು, ಅದರಲ್ಲಿ ಚಿಕ್ಕದನ್ನು ಹಿಡಿದು, ಅದಕ್ಕಿಂತಲೂ 3 ಮಿಲಿಮೀಟರ್ ಕಡಿಮೆ ಕತ್ತರಿಸಬೇಕು. ಮಳೆಗಾಲದಲ್ಲಿ ಮರಕ್ಕೆ ಆ ಜಾಗ ಬೇಕೇ ಬೇಕು. ಮೆಟ್ಟಿಲ ಪಕ್ಕದ ಅಥವಾ ನೆಲದ ತನಕ ಇಳಿಯುವ ದೊಡ್ಡ ಕಿಟಕಿಗಳಿಗೆ ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ, ಗಾಜನ್ನೇ ಹಾಕಿಸಿಕೊಳ್ಳಿ ಎಂದು ನಾನು ಒತ್ತಾಯಿಸುತ್ತೇನೆ, ಯಾಕೆಂದರೆ ಅದು ಒಡೆದರೆ ಸಣ್ಣ ಹರಳುಗಳಾಗಿ ಉದುರುತ್ತದೆ, ಸಾದಾ ಗಾಜು ಕತ್ತಿಯಂಥ ಉದ್ದನೆಯ ಚೂರುಗಳಾಗುತ್ತದೆ. ಟಫನ್ಡ್ ಗಾಜನ್ನು ತಯಾರಾದ ಮೇಲೆ ಕತ್ತರಿಸಲು ಬರುವುದಿಲ್ಲ, ಹಾಗಾಗಿ ಅದರ ಅಳತೆ ಮೊದಲೇ ಸರಿಯಿರಬೇಕು.

ಬಿರುಕಿಗೆ ಅಂಟು ಹಾಕಿದರೆ ಸಾಕಾಗದೇ ಎಂದು ಕೇಳುವವರಿದ್ದಾರೆ. ಸಾದಾ ಗಾಜಿನ ಬಿರುಕು ಅಂಟಿನಿಂದ ಮೊದಲಿನ ಬಲಕ್ಕೆ ಬರುವುದಿಲ್ಲ. ನಾವು ಬರುವ ತನಕ ಎರಡೂ ಬದಿಗೆ ಅಗಲದ ಟೇಪನ್ನು ಅಡ್ಡಡ್ಡ ಅಂಟಿಸಿ, ಆ ಕಿಟಕಿಬಾಗಿಲನ್ನು ತೆರೆಯದೆ ಮುಚ್ಚದೆ ಬಿಟ್ಟುಬಿಡಿ. ಟೇಪು ಬಿರುಕು ಬೆಳೆಯುವುದನ್ನು ತಡೆಯದು, ಚೂರುಗಳು ಒಮ್ಮೆಗೇ ಕೆಳಗೆ ಬೀಳದಂತೆ ಹಿಡಿದಿಡುತ್ತದೆ ಅಷ್ಟೆ. 4 ಮಿಲಿಮೀಟರ್ ದಪ್ಪದ ಗಾಜು ಒಂದು ಚದರ ಮೀಟರಿಗೆ 10 ಕಿಲೊ ತೂಗುತ್ತದೆ ಎಂಬುದು ಮನೆಯವರಿಗೆ ತಿಳಿದಿರುವುದಿಲ್ಲ. ಅದನ್ನು ಬಿಚ್ಚುವಾಗ ಕೆಳಗಿನ ಚೂರನ್ನು ಮೊದಲು ಎಳೆದರೆ ಮೇಲಿನದು ಜಾರಿ ಮಣಿಕಟ್ಟಿನ ಮೇಲೆಯೇ ಇಳಿಯುತ್ತದೆ. ಆದ್ದರಿಂದ ನಮ್ಮಲ್ಲಿ ಕೆಲಸ ಕಲಿಯಲು ಬರುವ ಹುಡುಗರಿಗೆ ಚರ್ಮದ ಕೈಗವಸು, ಬೂಟು, ಕನ್ನಡಕ ಹಾಕಿಸಿದ ಮೇಲೆ ನಾನು ಮೊದಲು ಹೇಳಿಕೊಡುವುದು ಮೇಲಿನಿಂದ ಕೆಳಕ್ಕೆ ಬಿಚ್ಚುವುದನ್ನು.

ತೆಗೆದ ಚೂರುಗಳನ್ನು ತೋಟದ ಮೂಲೆಗೆ ಎಸೆಯುವ ಅಭ್ಯಾಸ ನನ್ನನ್ನು ಬಹಳ ನೋಯಿಸುತ್ತದೆ, ಅಡಿಕೆ ಹೆಕ್ಕುವವರು ಬರಿಗಾಲಿನಲ್ಲಿ ನಡೆಯುವ ಜಾಗವದು. ಹಾಗೆಂದು ಪ್ಲಾಸ್ಟಿಕ್ ಚೀಲದೊಳಗೆ ಬಚ್ಚಿಟ್ಟು, ಮನೆ ಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರ ಕೈಗೆ ಕೊಡುವುದೂ ತಪ್ಪೇ, ಆ ಚೀಲವನ್ನು ಬಿಚ್ಚಿ ಕೈಯಿಂದಲೇ ಬೇರ್ಪಡಿಸುವ ಅಕ್ಕಂದಿರಿಗೆ ಒಳಗೆ ಗಾಜಿದೆ ಎಂದು ಹೇಗೆ ಗೊತ್ತಾಗಬೇಕು? ದಪ್ಪನೆಯ ರಟ್ಟಿನ ಪೆಟ್ಟಿಗೆಯಲ್ಲಿ ಚೂರುಗಳನ್ನು ಪತ್ರಿಕೆ ಸುತ್ತಿ ಹಾಕಿ, ಟೇಪಿನಿಂದ ಬಿಗಿದು, ಒಡೆದ ಗಾಜು ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಮೇಲೆ ಬರೆದು ನಾವೇ ಕೊಟ್ಟು ಬರುತ್ತೇವೆ. ಗಾಜನ್ನು ಯಾವಾಗ ಸಂಗ್ರಹಿಸುತ್ತಾರೆಂದು ಅವರನ್ನೇ ಕೇಳಿಕೊಂಡು, ಆ ತನಕ ಪೆಟ್ಟಿಗೆಯನ್ನು ಮಕ್ಕಳ ಕೈಗೆ ಎಟುಕದಂತೆ ಇಟ್ಟುಕೊಳ್ಳಲು ಮನೆಯವರಿಗೂ ಹೇಳುತ್ತೇವೆ.